ಚಕ್ರಮೊಗ್ಗಿನ ಕೈ

"ನೀನು ಫೋ ಅಂಗಡಿಯವಳಾ?"

ಖಾಯ್ ನನ್ನ ಜೊತೆ ಆಡಿದ ಮೊದಲ ಮಾತು ಇದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಇಂಗ್ಲಿಷ್ ಕ್ಲಾಸಿಗೆ ತಡವಾಗಿ ಬಂದು, ನನ್ನ ಪಕ್ಕದ ಕುರ್ಚಿ ಎಳೆದು ಕೂತು, ಮೂಗರಳಿಸಿ, ನನ್ನ ಕೈಗಳನ್ನು ಓರೆಗಣ್ಣಲ್ಲಿ ನೋಡುತ್ತ ಕೇಳಿದ.

"ಯಾಕೆ ಹಾಗೆ ಕೇಳ್ತೀರಿ?" ಎಂದೆ.

"ಚಕ್ಕೆ, ಲವಂಗ, ಚಕ್ರಮೊಗ್ಗು. ಬೆಳಿಗ್ಗೆ ಎದ್ರೆ ನಮ್ಮ ನಾಮ್ ದಿನ್ ಊರೆಲ್ಲ ಇದೇ ವಾಸನೆ. ಫೋ ಸಾರು ಕುದಿಸಿ ಸೀದಾ ಬಂದಿರೋ ಹಾಗಿದೆ. ಕ್ಲಾಸಲ್ಲಿ ನಂಗೆ ಹಸಿವಾದ್ರೆ ನೀನೇ ಹೊಣೆ."

ನಗು ಬಂತು. ಫೋ ಎಂದರೆ ಅಕ್ಕಿ ಶ್ಯಾವಿಗೆ ಹಾಕಿದ ಮೂಳೆಸಾರು, ನಮ್ಮ ಕಡೆಯ ಬೆಳಗಿನ ತಿಂಡಿ. ಹೂಂ ಅಂದುಬಿಡುವುದು ಸುಲಭವಾಗಿತ್ತು. "ಚಿಕ್ಕಮ್ಮನ ಅಂಗಡಿ. ಸಾರು ಕುದಿಸೋದು ನಾನೇ" ಎಂದೆ. ನಾಲಿಗೆ ಚೂರೂ ತೊದಲಲಿಲ್ಲ. ನಮ್ಮಂಥ ಮನೆಯ ಮಕ್ಕಳಿಗೆ ಈ ವಿದ್ಯೆ ಯಾರೂ ಕಲಿಸಬೇಕಾಗಿಲ್ಲ.

ನಮ್ಮಂಥ ಮನೆ ಎಂದರೆ ಎಂಥದ್ದೆಂದು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ತಿಳಿದು ನೀವೂ ಮೂಗು ಮುಚ್ಚಿಕೊಳ್ಳುವುದು ಬೇಡ. ನಮ್ಮ ಕಡೆ ಸತ್ತವರನ್ನು ಎರಡು ಸಲ ಮಣ್ಣು ಮಾಡುತ್ತಾರೆ. ಮೊದಲ ಸಲ ಗದ್ದೆಯಂಚಿನಲ್ಲಿ, ಮರದ ಪೆಟ್ಟಿಗೆಯಲ್ಲಿ. ಕೆಲವು ವರ್ಷ ಕಳೆದ ಮೇಲೆ ಚಳಿಗಾಲದಲ್ಲಿ ಒಳ್ಳೆಯ ದಿನ ನೋಡಿ ಅಗೆದು ತೆಗೆದು, ಮೂಳೆಗಳನ್ನು ಮಸಾಲೆ ನೀರಿನಲ್ಲಿ ತೊಳೆದು, ಒರೆಸಿ, ಸುಟ್ಟ ಮಣ್ಣಿನ ಪುಟ್ಟ ಪೆಟ್ಟಿಗೆಯಲ್ಲಿ ಜೋಡಿಸಿ, ಕುಲದವರೆಲ್ಲ ಮಲಗಿರುವ ಕಡೆಗೆ ಒಯ್ಯುತ್ತಾರೆ. ಹೊಸ ಮನೆಗೆ ಕಳಿಸುವುದು ಎನ್ನುತ್ತೇವೆ. ಅದಾಗದೆ ಸತ್ತವರಿಗೆ ನೆಮ್ಮದಿಯಿಲ್ಲ, ಇದ್ದವರಿಗೆ ಸೂತಕ ಕಳೆಯುವುದಿಲ್ಲ.

ಆ ತೊಳೆಯುವ ಕೆಲಸ ನನ್ನ ಅಪ್ಪ ಗಾವ್‌ನದು. ಅಪ್ಪನ ಸೊಂಟ ಹಿಡಿದ ಮೇಲೆ ಅರ್ಧ ನನ್ನದು. ಚಳಿ ಶುರುವಾದರೆ "ಗಾವ್ ಇದ್ದಾರಾ" ಎಂದು ಬಾಗಿಲಿಗೆ ಬರುವವರು ಮಗಳ ಮದುವೆಗೆ ಕರೆಯುವಾಗ ನಮ್ಮ ಬಾಗಿಲು ದಾಟಿಕೊಂಡು ಹೋಗುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಕೆಲಸ ಮುಗಿದ ಮೇಲೆ ನಾವು ಕೈ ತೊಳೆಯುವುದೂ ಅದೇ ಮಸಾಲೆ ನೀರಿನಲ್ಲಿ. ಚಕ್ಕೆ, ಲವಂಗ, ಚಕ್ರಮೊಗ್ಗು. ಖಾಯ್‌ಗೆ ಹಸಿವಾದದ್ದು ಆ ವಾಸನೆಗೆ.

*

ಅವನು ದೊಡ್ಡ ಔಷಧಿ ಅಂಗಡಿಯವರ ಒಬ್ಬನೇ ಮಗ. ಹೆಚ್ಚಿಗೆ ಓದಲು ಹೊರದೇಶಕ್ಕೆ ಹೋಗಬೇಕು. ನನಗೆ ನ್ಯೂಜಿಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಬೇಕು. ಇಬ್ಬರಿಗೂ ಅಡ್ಡ ಮಲಗಿದ್ದದ್ದು ಇಂಗ್ಲಿಷ್ ಬರವಣಿಗೆಯ ಪರೀಕ್ಷೆ. ಅಡ್ಡ ಮಲಗಿದ ಆ ಎಮ್ಮೆಯನ್ನು ಎಬ್ಬಿಸಲು ಸಂಜೆ ಸಂಜೆ ಒಂದೇ ಬೆಂಚಿನಲ್ಲಿ ಕೂತೆವು.

ನಮ್ಮಲ್ಲಿ ಒಂದು ತಿಂಗಳು ದೊಡ್ಡವನಾದರೂ ಅವನು 'ಆನ್', ಅಂದರೆ ಅಣ್ಣ. ಚಿಕ್ಕವಳು 'ಎಮ್', ತಂಗಿ. ನಗಬೇಡಿ, ಗಂಡ ಹೆಂಡಿರೂ ಸಾಯುವವರೆಗೆ ಹಾಗೇ ಕರೆದುಕೊಳ್ಳುತ್ತಾರೆ. ಗುರುತಿಲ್ಲದವರಿಗೆ, ಮನಸ್ಸು ಮುರಿದವರಿಗೆ ಮಾತ್ರ 'ನೀವು'. ಕೆಲವೇ ದಿನದಲ್ಲಿ ನನ್ನ ನಾಲಿಗೆಯಿಂದ 'ನೀವು' ಜಾರಿಬಿತ್ತು. ಎಲ್ಲಿ ಬಿತ್ತೆಂದು ನಾನೂ ಹುಡುಕಲಿಲ್ಲ.

ಕ್ಲಾಸಿಗೆ ಮೊದಲು ಕೆರೆಯ ದಂಡೆಯಲ್ಲಿ ಸುಟ್ಟ ಜೋಳ ತಿನ್ನುತ್ತಿದ್ದೆವು. ಒಂದೇ ತೆನೆ ಕೊಳ್ಳುವುದು, ನಾನು ಮುರಿದು ಅರ್ಧ ಕೊಡುವುದು. ಅವನು ತೆನೆ ಇಸಿದುಕೊಳ್ಳುವ ನೆಪದಲ್ಲಿ ನನ್ನ ಬೆರಳನ್ನೂ ಇಸಿದುಕೊಳ್ಳುತ್ತಿದ್ದ.

"ನಿಮ್ಮ ಚಿಕ್ಕಮ್ಮನ ಅಂಗಡೀಲಿ ನಂಗೆ ಊಟ ಯಾವಾಗ, ಎಮ್?"

"ಚಿಕ್ಕಮ್ಮ ನಿನ್ನಂಥವರ ಬಟ್ಟಲಿಗೆ ಬರೀ ಮೂಳೆ ಹಾಕ್ತಾಳೆ."

"ನೀನು ಹಾಕಿಕೊಟ್ರೆ ಮೂಳೆನೂ ತಿಂತೀನಿ."

ನಾನು ನಕ್ಕೆ. ಅವನೂ ನಕ್ಕ. ಅವನು ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಒಂದು ಗಳಿಗೆ ಮೊದಲು ಸಣ್ಣದಾಗುತ್ತಿತ್ತು. ಅದನ್ನು ಕಾಯುವುದೇ ನನ್ನ ಆ ಚಳಿಗಾಲದ ಕಸುಬಾಗಿತ್ತು.

ಒಂದು ಸಂಜೆ ನನ್ನ ಎರಡೂ ಅಂಗೈಗಳನ್ನು ಮುಖಕ್ಕೆ ಹಿಡಿದುಕೊಂಡು ಉಸಿರೆಳೆದುಕೊಂಡ. "ಈ ವಾಸನೆ ನಮ್ಮ ಮನೆ ತುಂಬ ಇರಬೇಕು" ಎಂದ. ಆಮೇಲೆ ಮೆಲ್ಲಗೆ, "ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು. ಈ ಚಳಿಗಾಲ ಅವಳನ್ನ ಹೊಸ ಮನೆಗೆ ಕಳಿಸಿದ್ರೆ ನಮ್ಮ ಮನೆ ಸೂತಕ ಮುಗೀತು. ಅವತ್ತಿಗೇ ಅಪ್ಪನ ಹತ್ರ ಮಾತಾಡಿ, ಎಲೆ ಅಡಿಕೆ ತಗೊಂಡು ನಿಮ್ಮನೆಗೆ ಬರ್ತೀನಿ" ಎಂದ.

"ಆನ್, ನಿಂಗೊಂದು ವಿಷಯ ಹೇಳ್ಬೇಕು."

"ಏನೂ ಹೇಳ್ಬೇಡ. ಹೂಂ ಅನ್ನು ಸಾಕು."

ಹೂಂ ಎಂದೆ. ಎಲೆ ಅಡಿಕೆ ನಮ್ಮ ಹೊಸ್ತಿಲು ಹತ್ತುವುದನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಅಂಥ ಮಾತಿಗೆ ಅಡ್ಡಬಾಯಿ ಹಾಕುವಷ್ಟು ಗಟ್ಟಿ ಎದೆ ನನ್ನದಲ್ಲ.

*

ಲ್ವಾನ್ ಟೀಚರ್ ಕೊಲೆ ಮಾಡಿದವರನ್ನಾದರೂ ಕ್ಷಮಿಸಿಯಾರು, ನುಡಿಗಟ್ಟನ್ನು ತಪ್ಪು ಜಾಗದಲ್ಲಿ ಇಟ್ಟವರನ್ನು ಕ್ಷಮಿಸುವುದಿಲ್ಲ. ಆ ವಾರ ಅವರು ಬೋರ್ಡಿನ ಮೇಲೆ ಬರೆದ ವಿಷಯ, ಯಾರಿಗೂ ಬೇಡದ ಕೆಲಸಗಳಿಗೆ ಹೆಚ್ಚು ಸಂಬಳ ಕೊಡಬೇಕೇ ಎಂಬುದು. ಅದರ ಕೆಳಗೆ ಅಂಥ ಕೆಲಸಗಳ ಬಗ್ಗೆ ಇಂಗ್ಲಿಷಿನವರು ಆಡುವ ಮಾತುಗಳು.

"'ಡೆಡ್-ಎಂಡ್ ಜಾಬ್' ಅಂದ್ರೆ ಮುಂದಕ್ಕೆ ದಾರಿ ಇಲ್ಲದ ಕೆಲಸ. ಎಷ್ಟು ವರ್ಷ ಮಾಡಿದ್ರೂ ಮೇಲೆ ಹತ್ತೋ ಹಾಗಿಲ್ಲ. 'ಥ್ಯಾಂಕ್‌ಲೆಸ್ ಟಾಸ್ಕ್' ಅಂದ್ರೆ ಎಷ್ಟು ಮಾಡಿದ್ರೂ ಯಾರೂ ನೆನೆಯದ ಕೆಲಸ. ಇನ್ನು ಇದು ನೋಡಿ, 'ಇಟ್ಸ್ ಎ ಡರ್ಟಿ ಜಾಬ್, ಬಟ್ ಸಮ್‌ಬಡಿ ಹ್ಯಾಸ್ ಟು ಡೂ ಇಟ್.' ಕೊಳಕು ಕೆಲಸ, ಆದ್ರೂ ಯಾರಾದ್ರೂ ಮಾಡ್ಲೇಬೇಕಲ್ಲ. ಇದನ್ನ ಹೆಚ್ಚಾಗಿ ನಗ್ತಾ ಹೇಳೋದು. ಐಸ್‌ಕ್ರೀಮ್ ರುಚಿ ನೋಡೋ ಕೆಲಸ ಸಿಕ್ಕಿದವನು ಹೀಗಂದ್ರೆ ಚೆಂದ. ನಗು ಇಲ್ದಿದ್ರೆ ಈ ಮಾತು ಮುಟ್ಟಬೇಡಿ."

ನಾನು ಚರಂಡಿ ತೊಳೆಯುವವರ ಬಗ್ಗೆ ಬರೆದು ಕೊನೆಗೆ ಅದೇ ಮಾತನ್ನು ತುರುಕಿದೆ. ಟೀಚರ್ ಕೆಂಪು ಸುತ್ತು ಹಾಕಿ, "ನಗು ಎಲ್ಲಿ, ಲುವಾ?" ಎಂದು ಬರೆದು ವಾಪಸ್ಸು ಕೊಟ್ಟರು.

ಆಮೇಲೆ ಖಾಯ್‌ನ ಹಾಳೆ ಎತ್ತಿಕೊಂಡರು. "ಎಲ್ಲರೂ ಕೇಳಿ. ಒಂದು ಮಾತೂ ಜಾಗ ತಪ್ಪಿಲ್ಲ" ಎಂದು ಗಟ್ಟಿಯಾಗಿ ಓದಿದರು. ಅವನು ತಾಯಿಯನ್ನು ಹೊಸ ಮನೆಗೆ ಕಳಿಸುವ ಯೋಚನೆಯಲ್ಲಿದ್ದನಲ್ಲ, ಉದಾಹರಣೆ ಕೈಗೆ ಹತ್ತಿರವೇ ಇತ್ತು.

"'ನಮ್ಮ ಊರಿನಲ್ಲಿ ಸತ್ತವರ ಮೂಳೆ ತೊಳೆಯುವವರಿದ್ದಾರೆ. ಅವರದು ಡೆಡ್-ಎಂಡ್ ಜಾಬ್. ಅಪ್ಪನಿಂದ ಮಗನಿಗೆ ಬರುವುದು ಅದೊಂದೇ ಆಸ್ತಿ. ನನ್ನ ಪರಮ ವೈರಿಗೂ ಆ ಕೆಲಸ ಬರುವುದು ಬೇಡ. ಸಂಬಳ ಎಷ್ಟು ಹೆಚ್ಚಿಸಿದರೇನು, ಆ ಕೈಯಿಂದ ಯಾರೂ ಒಂದು ಲೋಟ ನೀರು ಇಸಿದುಕೊಳ್ಳುವುದಿಲ್ಲ.'"

ಕ್ಲಾಸಿನಲ್ಲಿ ಯಾರೋ ಮೈ ನಡುಗಿಸಿ ತೋರಿಸಿದರು. ಎಲ್ಲರೂ ನಕ್ಕರು. ನಾನು ಬೋರ್ಡನ್ನೇ ನೋಡುತ್ತಿದ್ದೆ. ಒಂದು ಗಂಟೆ ಮುಂಚೆ ಅರ್ಧ ತೆನೆ ಕೊಟ್ಟಿದ್ದ ಕೈ ಬೆಂಚಿನ ಮೇಲೆ ಹಾಗೇ ಬಿದ್ದಿತ್ತು.

ಖಾಯ್ ಕಿವಿಯ ಹತ್ತಿರ ಬಾಗಿದ. "ಹೇಗಿತ್ತು, ಎಮ್?"

"ಒಂದೊಂದು ಮಾತೂ ಸರಿಯಾದ ಜಾಗದಲ್ಲಿ ಕೂತಿದೆ."

"ಅಸಹ್ಯ ಆಯ್ತಾ?"

"ಆಯ್ತು."

ಅವನು ಸಮಾಧಾನ ಮಾಡುವವನ ಹಾಗೆ ಬೆಂಚಿನ ಕೆಳಗೆ ನನ್ನ ಕೈ ಹಿಡಿದುಕೊಂಡ. ಅಷ್ಟೆಲ್ಲ ಕೇಳಿದ ಮೇಲೂ ನಾನು ಕೈ ಬಿಡಿಸಿಕೊಳ್ಳಲಿಲ್ಲ, ಅಷ್ಟು ಮಾನಗೇಡಿ ನಾನು.

*

ಮನೆಗೆ ಬಂದರೆ ಅಪ್ಪ ಚಕ್ರಮೊಗ್ಗು ಆರಿಸುತ್ತ ಕೂತಿದ್ದರು.

"ಔಷಧಿ ಅಂಗಡಿಯವರು ಬಂದಿದ್ರು ಮಗಾ. ಆ ಯಜಮಾನರ ಹೆಂಡತಿಯನ್ನ ಹೊಸ ಮನೆಗೆ ಕಳಿಸಬೇಕಂತೆ. ಬಹಳ ಒಳ್ಳೆ ಹೆಂಗಸು, ಪಾಪ. ನೀನು ಬರ್ತೀಯಾ? ಓದೋದಿದ್ರೆ ಬೇಡ, ಬೇರೆ ಯಾರನ್ನಾದ್ರೂ ನೋಡ್ತೀನಿ."

"ಬೇರೆ ಯಾರು ಬರ್ತಾರಪ್ಪ ಈ ಕೆಲಸಕ್ಕೆ?"

"ಅದೂ ನಿಜವೇ" ಎಂದರು ಅಪ್ಪ.

ಖಾಯ್‌ನ ವಿಷಯ ಅಪ್ಪನಿಗೆ ಗೊತ್ತಿರಲಿಲ್ಲ. ಹೊಟ್ಟೆನೋವು ಎಂದು ನಾನು ಮನೆಯಲ್ಲಿ ಉಳಿಯಬಹುದಿತ್ತು. ಆದರೆ ಆ ಸೊಂಟ ಹಿಡಿದ ಜೀವ ಒಂಟಿಯಾಗಿ ಗುಂಡಿಗಿಳಿಯುವುದನ್ನು ನೆನೆದರೆ ಮನಸ್ಸು ಒಪ್ಪಲಿಲ್ಲ. ಇನ್ನೊಂದು ಆಸೆಯೂ ಇತ್ತು, ಸುಳ್ಳು ಯಾಕೆ. ಎಲೆ ಅಡಿಕೆ ನಮ್ಮ ಬಾಗಿಲಿಗೆ ಬರುವುದಾದರೆ ಅದು ಯಾರ ಬಾಗಿಲೆಂದು ತಿಳಿದೇ ಬರಲಿ. ಅವನು ಬರೆದದ್ದು ಪರೀಕ್ಷೆಗೆ ಬರೆದದ್ದು, ಕಣ್ಣಾರೆ ಕಂಡರೆ ಕರಗಿಯಾನು ಎಂದುಕೊಂಡೆ. ಪ್ರೀತಿ ಮಾಡುವವರ ಕಿವಿಗೆ ಹೂವಿಡಲು ಬೇರೆ ಯಾರೂ ಬೇಕಾಗಿಲ್ಲ, ನಾವೇ ಇಟ್ಟುಕೊಳ್ಳುತ್ತೇವೆ.

*

ಬೆಳಕು ಹರಿಯುತ್ತಿತ್ತು. ಮಂಜು ಇನ್ನೂ ಗದ್ದೆ ಬಿಟ್ಟಿರಲಿಲ್ಲ. ಮೂಳೆಗೆ ಬಿಸಿಲು ತಾಕಬಾರದೆಂದು ನೀಲಿ ಟಾರ್ಪಾಲು ಕಟ್ಟಿದ್ದರು. ಟೋಪಿ, ಮಾಸ್ಕು, ಮಳೆಕೋಟು ಹಾಕಿಕೊಂಡ ನಾನು ಯಾರಿಗೂ ಯಾರೂ ಅಲ್ಲ. ಅವನ ಅಪ್ಪ ಊದುಬತ್ತಿ ಹಿಡಿದು ಗುಂಡಿಯ ಅಂಚಿನಲ್ಲಿ ಅಳುತ್ತಿದ್ದರು. ಅವರ ಅಕ್ಕ, ಅಂದರೆ ಖಾಯ್‌ನ ಸೋದರತ್ತೆ, ನಮ್ಮಪ್ಪನಿಗೆ ಅದು ಮಾಡು ಇದು ಮಾಡು ಎಂದು ಹೇಳುತ್ತಿದ್ದಳು. ಖಾಯ್ ದೂರದಲ್ಲಿ, ಗಾಳಿ ಬರುವ ಕಡೆ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ.

ನಮ್ಮ ಕೆಲಸದಲ್ಲಿ ಮಾತಾಡಿಸುತ್ತ ತೊಳೆಯಬೇಕು, ಸತ್ತವರು ಬೆಚ್ಚಬಾರದೆಂದು. "ನೀರು ಬಿಸಿ ಆಯ್ತಾ ಅಮ್ಮಾ, ಇಗೋ ಆಗ್ಹೋಯ್ತು" ಎನ್ನುವುದು ನನ್ನ ರೂಢಿ. ಅವತ್ತು ಅಮ್ಮಾ ಎನ್ನಲು ಬಾಯಿ ಬರಲಿಲ್ಲ. ಯಾರಿಗೂ ಕೇಳದ ಹಾಗೆ, "ಅತ್ತೆ, ಇನ್ನೊಂದು ಚೂರು, ಅತ್ತೆ" ಎಂದೆ. ಅತ್ತೆಯ ಸೇವೆ ಮಾಡುವ ಭಾಗ್ಯ ನನಗೆ ಒಂದು ಬೆಳಗು ಸಿಕ್ಕಿತು, ಸುಳ್ಳು ಹೇಳಬಾರದು. ಕೆನ್ನೆಯ ಮೂಳೆ ಅವನದೇ. ಮೆಲ್ಲಗೆ ಒರೆಸಿದೆ.

"ಮಗ ಎಲ್ಲಿ?" ಎಂದರು ಅಪ್ಪ. "ಬಾಪ್ಪ ಇಲ್ಲಿ. ತಾಯಿ ತಲೆ ಮಗನೇ ಕೈಯಾರೆ ಹೊಸ ಮನೆಯಲ್ಲಿಡಬೇಕು. ಲುವಾ, ಕೊಡು ಅವರಿಗೆ."

ಹೆಸರು ಕೇಳಿ ಅವನ ಹೆಜ್ಜೆ ನಿಂತಿತು. ನಾನು ಉಳಿದವರಿಗೆ ಬೆನ್ನು ಮಾಡಿ ಅವನೊಬ್ಬನ ಕಡೆ ತಿರುಗಿ ಮಾಸ್ಕ್ ಇಳಿಸಿದೆ. ಬಿಂದಿಗೆಯಿಂದ ಹಬೆ ಏಳುತ್ತಿತ್ತು. ಚಕ್ಕೆ, ಲವಂಗ, ಚಕ್ರಮೊಗ್ಗು. ಅವನು ಮೊದಲು ನನ್ನ ಕೈ ನೋಡಿದ. ಆಮೇಲೆ ಮುಖ.

ಕೆಂಪು ಬಟ್ಟೆಯಲ್ಲಿ ಸುತ್ತಿದ ಅವನ ತಾಯಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದೆ. "ತಗೋ" ಎಂದೆ ಮೆಲ್ಲಗೆ. "ಅಮ್ಮ ಕಾಯ್ತಿದ್ದಾರೆ."

ಅವನ ಕೈ ಮೇಲೆ ಬರಲಿಲ್ಲ. ಎರಡೂ ಕೈ ಹಿಂದಕ್ಕೆ ಸರಿದು ಜಾಕೆಟ್ಟಿನ ಜೇಬಿಗೆ ಇಳಿದವು. ನಾನು ಚಾಚಿದ ಕೈ ಚಾಚಿದ ಹಾಗೇ ನಿಂತೆ. ಕೊನೆಗೆ ಅವನ ಅಪ್ಪ ಬಿಕ್ಕುತ್ತ ಬಂದು ಇಸಿದುಕೊಂಡರು.

"ಪಾಪ, ತಾಯಿಯನ್ನ ಹಾಗೆ ನೋಡೋಕೆ ಆಗ್ಲಿಲ್ಲ ಹುಡುಗನಿಗೆ" ಎಂದಳು ಸೋದರತ್ತೆ.

ನಾನೂ ಹಾಗೇ ನಂಬಬೇಕೆಂದಿದ್ದೆ. ಎಲ್ಲ ಮುಗಿದ ಮೇಲೆ ಮನೆಯವರ ಕೈಗೆ ಮಸಾಲೆ ನೀರು ಹಾಕುವ ಪದ್ಧತಿ. ಮತ್ತೆ ಮಾಸ್ಕ್ ಏರಿಸಿ ಬಿಂದಿಗೆ ಹಿಡಿದು ನಿಂತೆ. ಅವನ ಅಪ್ಪ ಕೈಯೊಡ್ಡಿದರು, ಸೋದರತ್ತೆ ಕೂಡ ಒಡ್ಡಿದಳು. ಖಾಯ್ ತನ್ನ ಬೈಕಿನ ಹತ್ತಿರ ಹೋಗಿ ಬಾಟಲಿ ನೀರು ತೆಗೆದು ಕೈ ತೊಳೆದುಕೊಂಡ. ಅವನು ಆ ಬೆಳಿಗ್ಗೆ ಏನನ್ನೂ ಮುಟ್ಟಿರಲೇ ಇಲ್ಲ.

*

ಮುಂದಿನ ಕ್ಲಾಸಿನ ದಿನ ಕೆರೆಯ ದಂಡೆಯಲ್ಲಿ ನನಗಿಂತ ಮೊದಲೇ ಬಂದು ಕೂತಿದ್ದ. ಕಣ್ಣು ಊದಿಕೊಂಡಿದ್ದವು. ಅವನು ಅತ್ತಿದ್ದಾನೆಂದು ತಿಳಿದು, ನಾಚಿಕೆಗೆಟ್ಟ ನನ್ನ ಮನಸ್ಸು ಅಲ್ಲೇ ಅರ್ಧ ಕರಗಿತು.

"ಯಾಕೆ ಹೇಳ್ಲಿಲ್ಲ, ಎಮ್?"

"ಹೇಳೋಕೆ ಬಂದೆ. ನೀನೇ ಹೂಂ ಅನ್ನು ಸಾಕು ಅಂದೆ."

"ಹಾಗಾದ್ರೆ ಚಿಕ್ಕಮ್ಮನ ಅಂಗಡಿ?"

"ನಂಗೆ ಚಿಕ್ಕಮ್ಮನೇ ಇಲ್ಲ."

"ನಾನು ಬರೆದದ್ದಕ್ಕೆ ಬೇಜಾರು ಮಾಡ್ಕೋಬೇಡ. ನುಡಿಗಟ್ಟು ಕೂರಿಸೋಕೆ ಏನೋ ಒಂದು ಬೇಕಿತ್ತು."

"ಚೆನ್ನಾಗೇ ಕೂತಿತ್ತು."

"ನೋಡು, ನಂಗೆ ನೀನು ಬೇಕು. ಎಲೆ ಅಡಿಕೆ ತರ್ತೀನಿ ಅಂದಿದ್ದೆ, ತಂದೇ ತರ್ತೀನಿ."

ಎಲ್ಲ ಮರೆತು ಅವನ ಎಡಗಣ್ಣು ಸಣ್ಣದಾಗುವುದನ್ನು ಕಾದೆ. ಆಗಲಿಲ್ಲ. ಅವನು ಮಾತು ಮುಂದುವರಿಸಿದ.

"ಒಂದೇ ಒಂದು ವಿಷಯ. ಅವತ್ತು ನಿನ್ನ ಮುಖ ನೋಡಿದ್ದು ನಾನೊಬ್ಬನೇ. ಆದ್ರೆ ನಿಮ್ಮಪ್ಪನ್ನ ಎಲ್ಲರೂ ನೋಡಿದ್ದಾರೆ. ಮದುವೆಗೆ ತಂದೆ ಜಾಗದಲ್ಲಿ ನಿಮ್ಮ ಕಡೆಯವರು ಬೇರೆ ಯಾರಾದ್ರೂ ನಿಂತ್ರೆ ಆಯ್ತು. ಆಮೇಲೆ ನಾವಿಬ್ರೂ ಹೊರದೇಶದಲ್ಲಿ. ಅಲ್ಲಿ ಯಾರು ಕೇಳ್ತಾರೆ?"

"ಅಪ್ಪ ಎಲ್ಲಿರ್ತಾರೆ?"

"ಇಲ್ಲೇ ಇರ್ತಾರಲ್ಲ. ದುಡ್ಡು ಕಳಿಸೋಣ."

ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಜೋಳದವಳ ಹತ್ತಿರ ಒಂದು ತೆನೆ ತಂದು, ಮುರಿದು, ಅರ್ಧ ಅವನ ಮುಂದೆ ಹಿಡಿದೆ. ಹಬೆಯಾಡುತ್ತಿತ್ತು. ಅವನು ಅದನ್ನು ಇಸಿದು ಒಂದು ಕಾಳು ಬಾಯಿಗೆ ಹಾಕಿಕೊಂಡಿದ್ದರೂ ಸಾಕಿತ್ತು. ದೇವರಾಣೆ, ಅಪ್ಪನ ವಿಷಯಕ್ಕೆ ಆಮೇಲೆ ಜಗಳವಾಡಿಕೊಂಡಾದರೂ ಇವನ ಜೊತೆ ಬಾಳುತ್ತಿದ್ದೆ.

"ಹಸಿವಿಲ್ಲ" ಎಂದ.

"ಒಂದು ಕಾಳು, ಆನ್."

"ಆಮೇಲೆ ತಿಂತೀನಿ. ಅಲ್ಲಿಡು."

ಕೈ ಜಾಕೆಟ್ಟಿನ ಜೇಬಿನಲ್ಲೇ ಇತ್ತು. ಅವನು ಬೇಕೆಂದು ಮಾಡುತ್ತಿರಲಿಲ್ಲ. ಕೈಯನ್ನು ಹೊರಗೆ ತೆಗೆಯಲು ಅವನೂ ಒದ್ದಾಡುತ್ತಿದ್ದುದು ಭುಜದಲ್ಲಿ ಕಾಣುತ್ತಿತ್ತು, ಕೈ ಮಾತ್ರ ಬರಲೊಲ್ಲದು. ಅವನು ಹಾಳೆಯಲ್ಲಿ ಬರೆದದ್ದು ಸುಳ್ಳಲ್ಲ. ಅವನಿಗೂ ಅದು ಆಗಲೇ ಗೊತ್ತಾದದ್ದಿರಬೇಕು, ತಲೆ ತಗ್ಗಿಸಿದ.

ಅವನ ಎದುರಿಗೇ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅಳು ನಿಂತ ಮೇಲೆ ಮೂಗು ಒರೆಸಿಕೊಂಡು, "ಹೊರಡಿ, ನಿಮಗೆ ಕ್ಲಾಸಿಗೆ ತಡ ಆಗುತ್ತೆ" ಎಂದೆ.

ಅವನು ತಟ್ಟನೆ ತಲೆಯೆತ್ತಿದ. "ನೀವು ಅನ್ಬೇಡ, ಎಮ್. ಬೈಯಿ, ಹೊಡಿ. ನೀವು ಅನ್ಬೇಡ."

"ನೀವು ಮುಂದೆ ಹೋಗಿ. ನಾನು ಹಿಂದೆ ಬರ್ತೀನಿ."

*

ಅವತ್ತು ಲ್ವಾನ್ ಟೀಚರ್ ತಿದ್ದಿದ ವಾಕ್ಯಗಳನ್ನು ಕೇಳಿದರು. ನಾನು ಕೂತಲ್ಲೇ ಒಂದು ಗೀಚಿ ಕೊಟ್ಟೆ. ಅವರು ಓದಿಕೊಂಡು, ಕನ್ನಡಕ ಮೇಲೇರಿಸಿ, ಇಡೀ ಕ್ಲಾಸಿಗೆ ಓದಿದರು.

"'ಓದಿದ ಚೆಲುವನೊಬ್ಬ ದಿನಾ ಸಂಜೆ ನಮ್ಮ ಅಂಗೈಗೆ ಮುತ್ತಿಡುತ್ತಾನೆ, ನಾವು ಸುಮ್ಮನೆ ಕೂತಿರಬೇಕು. ಇಟ್ಸ್ ಎ ಡರ್ಟಿ ಜಾಬ್, ಬಟ್ ಸಮ್‌ಬಡಿ ಹ್ಯಾಸ್ ಟು ಡೂ ಇಟ್.'"

ಕ್ಲಾಸು ಹೋ ಎಂದು ನಕ್ಕಿತು. ಟೀಚರ್ ಕೂಡ ನಕ್ಕು, "ನೋಡಿ, ಈಗ ನಗು ಬಂತು. ಈ ಮಾತು ಇರಬೇಕಾದ ಜಾಗ ಇದು" ಎಂದು ದೊಡ್ಡ ಸರಿ ಗುರುತು ಹಾಕಿದರು. ಹಿಂದಿನ ಬೆಂಚಿನಲ್ಲಿ ಖಾಯ್ ಒಬ್ಬನೇ ನಗಲಿಲ್ಲ. ನಾನೂ ನಗಲಿಲ್ಲ. ಪರೀಕ್ಷೆಯಲ್ಲಿ ಪಾಸಾಗುತ್ತೇನೆಂದು ಮಾತ್ರ ಆಗ ಗೊತ್ತಾಯಿತು.

ಕ್ಲಾಸು ಬಿಟ್ಟಾಗ ಅವನು ಬಾಗಿಲಲ್ಲಿ ನಿಂತಿದ್ದ. "ನಾನು ಬರೆದದ್ದು ತಪ್ಪು" ಎಂದ.

"ಸರಿಯಾಗೇ ಬರೆದ್ರಿ. ದಾರಿ ಬಿಡಿ, ಅಪ್ಪ ಕಾಯ್ತಿದ್ದಾರೆ."

ಅಪ್ಪ ರಸ್ತೆಯಾಚೆ ಬೈಕಿನ ಮೇಲೆ ಕೂತಿದ್ದರು. ಹಿಂದುಗಡೆ ನಾಳೆಯ ಕೆಲಸದ ಮಣ್ಣಿನ ಪೆಟ್ಟಿಗೆಯನ್ನು ಹುಲ್ಲು ಸುತ್ತಿ ಕಟ್ಟಿದ್ದರು. ಬಾಗಿಲಲ್ಲಿ ನಿಂತವನನ್ನು ಅಪ್ಪ ಕಣ್ಣು ಕಿರಿದು ಮಾಡಿ ನೋಡಿದರು.

"ಆ ಹುಡುಗನ್ನ ಎಲ್ಲೋ ನೋಡಿದ ಹಾಗಿದೆಯಲ್ಲ ಮಗಾ."

"ಔಷಧಿ ಅಂಗಡಿಯವರ ಮಗ."

"ಓ, ಅವನಾ. ಪಾಪ, ಒಳ್ಳೆ ಹುಡುಗ. ಅವತ್ತು ಕೈ ಚಾಚೋಕೇ ಆಗ್ಲಿಲ್ಲ ಅವನಿಗೆ. ಎಷ್ಟು ಪ್ರೀತಿ ಇದ್ರೆ ಹಾಗಾಗುತ್ತೆ ಹೇಳು."

"ಹೂಂ ಅಪ್ಪ" ಎಂದೆ. "ತುಂಬಾ ಪ್ರೀತಿ."

ಅಪ್ಪನಿಗೂ ಪೆಟ್ಟಿಗೆಗೂ ನಡುವೆ ಇದ್ದ ಜಾಗದಲ್ಲಿ ಹತ್ತಿ ಕೂತೆ. ಬೈಕು ಹೊರಟಿತು. ಚಳಿ ಇತ್ತು, ಕೈಗಳನ್ನು ಅಪ್ಪನ ಜಾಕೆಟ್ಟಿನ ಜೇಬಿಗೆ ಇಳಿಸಿಕೊಂಡೆ.